ಕಾಫಿ ತೋಟದಿಂದ ಓಪನ್ ಮೈಕ್‌ಗೆ, ಅಲ್ಲಿಂದ ತೆರೆಗೆ: ಯಾವ ಕರೆಗೆ ಓಗೊಡಲಿ?

ಪ್ರಶ್ನೆ:

"ನನಗೆ 29 ವರ್ಷ. ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್ ಕೆಲಸ. ಬೆಳಿಗ್ಗೆ ಹಾಜರಿ ಬರೆಯುವುದು, ಕೊಯ್ಲಿನ ಕಾಲದಲ್ಲಿ ಹಣ್ಣು ತೂಗಿ ಲೆಕ್ಕ ಇಡುವುದು. ನಮ್ಮದೇ ಮೂರು ಎಕರೆ ಕಾಫಿಯೂ ಇದೆ. ಮನೆಯಲ್ಲಿ ಮಾತಾಡುವುದು ಕೊಡವ ತಕ್ಕ್, ಅಂದರೆ ಕೊಡವ ಭಾಷೆ. ಮೂರು ವರ್ಷದಿಂದ ತಿಂಗಳಿಗೆ ಎರಡು ಶನಿವಾರ ಬೆಂಗಳೂರಿನ ಬಸ್ ಹತ್ತಿ, ಯಾರು ಬೇಕಾದರೂ ವೇದಿಕೆ ಹತ್ತಬಹುದಾದ ಓಪನ್ ಮೈಕ್‌ನಲ್ಲಿ ಕನ್ನಡ ಸ್ಟ್ಯಾಂಡಪ್ (ಒಬ್ಬನೇ ನಿಂತು ನಗಿಸುವ ಹಾಸ್ಯ) ಮಾಡುತ್ತಿದ್ದೇನೆ. ಕಳೆದ ವರ್ಷ, ನಮ್ಮ ತೋಟದ ಕೂಲಿಗಳಿರುವ ಲೈನ್ ಮನೆಗಳ ಹತ್ತಿರ ಆನೆ ಬಂದ ರಾತ್ರಿಯ ಬಗ್ಗೆ ಆರು ನಿಮಿಷದ ವಿಡಿಯೋ ಹಾಕಿದೆ. ನಾಲ್ಕು ಲಕ್ಷ ಜನ ನೋಡಿದರು. ಅದಾದ ಮೇಲೆ ಎರಡು ಕರೆ ಬಂದವು. ಒಂದು, ಟಿವಿ ಕಾಮಿಡಿ ಶೋ ಮಾಡುವ ಸಂಸ್ಥೆಯದ್ದು. ಮೂರು ವರ್ಷದ ಒಪ್ಪಂದ. ಅಷ್ಟೂ ಕಾಲ ಅವರ ಅನುಮತಿ ಇಲ್ಲದೆ ಬೇರೆಲ್ಲೂ ನಟಿಸುವಂತಿಲ್ಲ, ವೇದಿಕೆ ಹತ್ತುವಂತಿಲ್ಲ. ನಾನು ಬರೆದದ್ದು, ಮಾಡಿದ ಪಾತ್ರ ಎಲ್ಲ ಅವರಿಗೇ ಸೇರುತ್ತದೆ. ಇನ್ನೊಂದು, ಒಬ್ಬ ಸಿನಿಮಾ ನಿರ್ದೇಶಕರದ್ದು. ಜೂನ್‌ನಿಂದ ಆರು ತಿಂಗಳು ಸಂಭಾಷಣೆ ಬರೆಯಲು ಸಹಾಯಕನಾಗಿ ಬಾ, ಬಾಡಿಗೆಗೆ ಊಟಕ್ಕೆ ಆಗುವಷ್ಟು ಕೊಡುತ್ತೇನೆ, ಒಂದು ಸಣ್ಣ ಪಾತ್ರವೂ ಇದೆ ಅಂದಿದ್ದಾರೆ.

ಸ್ಟ್ಯಾಂಡಪ್ ಮಾಡಿದವರು ನಟರಾಗುತ್ತಾರೆ, ಹೆಸರು ಬಂದ ಮೇಲೆ ಬರೆಯುತ್ತಾರೆ, ದಾರಿ ಇರುವುದೇ ಹಾಗೆ, ಟಿವಿ ಬಿಡಬೇಡ ಅಂತ ಸ್ನೇಹಿತರು ಹೇಳುತ್ತಾರೆ. ತೋಟದ ಕೆಲಸ ಬಿಟ್ಟರೆ ಮತ್ತೆ ಸಿಗೊಲ್ಲ ಅಂತ ಅಪ್ಪ ಹೇಳುತ್ತಾರೆ. ಮಾತಿನಲ್ಲಿ ಕೊಡಗಿನ ರಾಗ ಇದೆ, ಮೊದಲು ಅದನ್ನು ತಿದ್ದಿಕೋ ಅಂತ ಇನ್ನೊಬ್ಬರು. ವಯಸ್ಸೂ ಆಯಿತು ಅನ್ನಿಸುತ್ತದೆ. ಏನು ಮಾಡಲಿ?"

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಕರೆಗಳ ಲೆಕ್ಕ ಇದೆ. ಅದರ ಅಡಿಯಲ್ಲಿ ಒಂದು ಹೆದರಿಕೆಯೂ ಇದೆ. ಇದು ಕೈತಪ್ಪಿದರೆ ಇನ್ನೊಂದು ಕರೆ ಬರುತ್ತದೋ ಇಲ್ಲವೋ, ಹೋಗಿ ಸೋತರೆ ಊರಿನಲ್ಲಿ ಮುಖ ತೋರಿಸುವುದು ಹೇಗೆ ಅನ್ನುವ ಹೆದರಿಕೆ. ಎರಡು ದಶಕದಿಂದ ಟಿವಿಗೆ, ಸಿನಿಮಾಗೆ ಸಂಭಾಷಣೆ ಬರೆಯುತ್ತಿದ್ದೇನೆ. ಕಾಮಿಡಿ ಶೋಗಳ ಬರಹಗಾರರ ಕೋಣೆಯಲ್ಲಿ ಬಹಳ ರಾತ್ರಿ ಕಳೆದಿದ್ದೇನೆ. ಈ ಹೆದರಿಕೆಯಲ್ಲಿ ಸಹಿ ಹಾಕಿದವರನ್ನು ತುಂಬಾ ನೋಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನಿಮ್ಮ ಸ್ನೇಹಿತರ ಮಾತು. ಸ್ಟ್ಯಾಂಡಪ್, ಆಮೇಲೆ ನಟನೆ, ಆಮೇಲೆ ಬರವಣಿಗೆ. ಹೊರಗಿನಿಂದ ನೋಡಿದರೆ ಹಾಗೇ ಕಾಣುತ್ತದೆ. ಯಾಕೆಂದರೆ ನಮಗೆ ಮೊದಲು ಕಾಣುವುದು ಮುಖ. ಬರೆದ ಕೈ ಕಾಣುವುದು ಕೊನೆಗೆ. ನಿಜವಾಗಿ ಆಗಿರುವುದನ್ನು ನೋಡಿದರೆ ಬರವಣಿಗೆಯೇ ಮೊದಲು ಬಂದಿರುತ್ತದೆ.

ಬೆಂಗಳೂರಿನ ಹಾಸ್ಯ ಕಲಾವಿದ ದಾನಿಶ್ ಸೇಠ್ ಅವರನ್ನೇ ತೆಗೆದುಕೊಳ್ಳಿ. ನೊಗರಾಜ್ ಅನ್ನುವ ಪಾತ್ರ ಹುಟ್ಟಿದ್ದು ರೇಡಿಯೋದ ತಮಾಷೆ ಕರೆಗಳಲ್ಲಿ. ವರ್ಷಗಟ್ಟಲೆ ಆ ಪಾತ್ರ ಹೇಗೆ ಮಾತಾಡುತ್ತದೆ, ಎಲ್ಲಿ ಸುಳ್ಳು ಹೇಳುತ್ತದೆ, ಎಲ್ಲಿ ಜಾರಿಕೊಳ್ಳುತ್ತದೆ ಅಂತ ಕಿವಿಯಲ್ಲೇ ತಿದ್ದಿ ತಿದ್ದಿ ಬೆಳೆಸಿದರು. 2018ರಲ್ಲಿ ಅದು ಸಿನಿಮಾ ಆಯಿತು. ಅದರ ಬರವಣಿಗೆಯಲ್ಲೂ ಅವರಿದ್ದರು. 2022ರಲ್ಲಿ ಅದೇ ಪಾತ್ರ ವೆಬ್ ಸರಣಿಯಾಗಿ ಬಂತು. ಸುಮುಖಿ ಸುರೇಶ್ ಬೆಂಗಳೂರಿನ ಇಂಪ್ರೊವ್ (ಮೊದಲೇ ಬರೆಯದೆ ಅಲ್ಲೇ ಕಟ್ಟುವ ಆಶು ಹಾಸ್ಯ) ವೇದಿಕೆಗಳಲ್ಲಿ ಬೆಳೆದವರು. 2017ರಲ್ಲಿ ಬಂದ 'ಪುಷ್ಪವಲ್ಲಿ' ಸರಣಿಗೆ ಯಾರೋ ಅವರನ್ನು ನಾಯಕಿಯಾಗಿ ಆರಿಸಿದ್ದಲ್ಲ. ಆ ಕಥೆ ಅವರದೇ, ಅದಕ್ಕೇ ಮುಖ್ಯ ಪಾತ್ರವೂ ಅವರದಾಯಿತು. ಹಿಂದಿಯ ಜಾಕಿರ್ ಖಾನ್ ಕೂಡ 2018ರಲ್ಲಿ ನಟಿಸಿದ ಸರಣಿಯನ್ನು ತಾವೇ ಜೊತೆಯಲ್ಲಿ ಕೂತು ಬರೆದರು. ಬಿಸ್ವ ಕಲ್ಯಾಣ್ ರಥ್ ವೇದಿಕೆಯಲ್ಲಿ ನಗಿಸುವವರು. ಆದರೆ 2017ರಲ್ಲಿ ಅವರು ಬರೆದದ್ದು ಕೋಚಿಂಗ್ ಸೆಂಟರ್‌ನಲ್ಲಿ ನಲುಗುವ ಹುಡುಗರ ಗಂಭೀರ ಕಥೆ.

ದೂರದ ಅಮೆರಿಕದಲ್ಲೂ ಇದೇ. ಸ್ಟೀವ್ ಮಾರ್ಟಿನ್ ವೇದಿಕೆಯ ಮೇಲೆ ದೊಡ್ಡ ತಾರೆಯಾಗುವ ಎಷ್ಟೋ ವರ್ಷ ಮೊದಲೇ ಟಿವಿ ಶೋ ಒಂದಕ್ಕೆ ಬರೆಯುತ್ತಿದ್ದರು. ಅದಕ್ಕೆ 1969ರಲ್ಲಿ ಎಮ್ಮಿ ಪ್ರಶಸ್ತಿಯೂ ಬಂತು. ತಮ್ಮ 18 ವರ್ಷದ ಸ್ಟ್ಯಾಂಡಪ್ ಬದುಕನ್ನು ಅವರೇ ಲೆಕ್ಕ ಹಾಕಿ ಹೇಳಿದ್ದಾರೆ: 10 ವರ್ಷ ಕಲಿಯುವುದಕ್ಕೆ, 4 ವರ್ಷ ತಿದ್ದುವುದಕ್ಕೆ, 4 ವರ್ಷ ಗೆಲುವು. ಆಮೇಲೆ 1981ರಲ್ಲಿ ಅದನ್ನು ಬಿಟ್ಟು ಸಿನಿಮಾ ಮತ್ತು ಬರವಣಿಗೆಗೆ ಹೊರಳಿದರು.

ನಾನು ಹೇಳಬೇಕಾಗಿರುವುದು ಮುಖ್ಯವಾಗಿ ಇದೊಂದೇ. ಸ್ಟ್ಯಾಂಡಪ್, ನಟನೆ, ಬರವಣಿಗೆ ಇವು ಮೂರು ಬೇರೆ ಬೇರೆ ಕಸುಬು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ನಿಮ್ಮ ಜೊತೆ ಬರುವುದು ನಿಮ್ಮ ನೋಟ್‌ಬುಕ್. ಮುಖ, ಜನಪ್ರಿಯತೆ, ವಿಡಿಯೋ ನೋಡಿದವರ ಸಂಖ್ಯೆ ಇವೆಲ್ಲ ಬಾಗಿಲ ತನಕ ಮಾತ್ರ ಬರುತ್ತವೆ. ನಿಮ್ಮ ಎರಡೂ ಕರೆಗಳನ್ನು ನಾನು ತೂಗುವುದು ಈ ತಕ್ಕಡಿಯಲ್ಲೇ.

ನಾಲ್ಕು ಲಕ್ಷದ ವಿಷಯಕ್ಕೆ ಬರೋಣ. ಅದನ್ನು ಸಣ್ಣದು ಮಾಡುತ್ತಿಲ್ಲ. ಅಷ್ಟು ಜನ ನಿಂತು ನೋಡಿದ್ದಾರೆ ಅಂದರೆ ಆ ಆರು ನಿಮಿಷದಲ್ಲಿ ಏನೋ ಇದೆ. ಆದರೆ ನೋಡಿದವರು ಟಿಕೆಟ್ ತೆಗೆದುಕೊಂಡು ಬರುವವರಲ್ಲ. ನಿಮ್ಮ ಆನೆಯನ್ನು ನೋಡಿದವರಲ್ಲಿ ಎಷ್ಟು ಜನರಿಗೆ ನಿಮ್ಮ ಹೆಸರು ನೆನಪಿದೆ? ಒಂದು ಗಂಟೆಯ ಶೋ ಕಟ್ಟಲು ಇಂಥ ಹತ್ತು ಆರು-ನಿಮಿಷ ಬೇಕು. ನನ್ನ ಅನುಭವದಲ್ಲಿ, ಚೆನ್ನಾಗಿ ದುಡಿಯುವ ಸ್ಟ್ಯಾಂಡಪ್ ಕಲಾವಿದರಿಗೂ ವರ್ಷಕ್ಕೆ ಹದಿನೈದು ಇಪ್ಪತ್ತು ನಿಮಿಷ ಗಟ್ಟಿ ಸರಕು ಹುಟ್ಟಿದರೆ ಜಾಸ್ತಿ. ನೀವು ತಿಂಗಳಿಗೆ ಎರಡೇ ಸಲ ವೇದಿಕೆ ಹತ್ತುತ್ತಿದ್ದೀರಿ. ಬೆಂಗಳೂರಿನಲ್ಲಿ ಇರುವವರು ವಾರಕ್ಕೆ ಮೂರು ನಾಲ್ಕು ಸಲ ಹತ್ತುತ್ತಾರೆ. ನೀವು ಹಿಂದೆ ಬಿದ್ದಿದ್ದರೆ ಅದಕ್ಕೆ ಕಾರಣ ದಾರಿಯ ದೂರ. ಮಡಿಕೇರಿಯಿಂದ ಬೆಂಗಳೂರಿಗೆ ಸುಮಾರು 250 ಕಿಲೋಮೀಟರ್, ಜಿಲ್ಲೆಯಲ್ಲಿ ರೈಲೂ ಇಲ್ಲ. ಇದರಲ್ಲಿ ನಿಮ್ಮ ವಯಸ್ಸಿನ ತಪ್ಪು ಏನೂ ಇಲ್ಲ. 29 ತಡ ಅಂತ ನನಗೆ ಅನ್ನಿಸುವುದಿಲ್ಲ. ಬದುಕಿದ ಮೇಲೆ ತಾನೇ ಹೇಳಲು ಏನಾದರೂ ಇರುವುದು?

ಈಗ ರಾಗದ ಮಾತು. 'ಕೊಡಗಿನ ರಾಗ ತಿದ್ದಿಕೋ' ಅಂದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ನಾನು ಒಪ್ಪುವುದಿಲ್ಲ, ಸ್ವಲ್ಪ ಸಿಟ್ಟೂ ಬರುತ್ತದೆ. ಕನ್ನಡದಲ್ಲಿ ನಗೆ ಯಾವತ್ತು ಒಂದೇ ಕನ್ನಡದಲ್ಲಿ ಇತ್ತು? ಗಂಗಾವತಿ ಪ್ರಾಣೇಶ್ ಉತ್ತರ ಕರ್ನಾಟಕದ ಮಾತನ್ನು ಇಟ್ಟುಕೊಂಡೇ ರಾಜ್ಯದ ಉದ್ದಗಲಕ್ಕೂ ನಗಿಸಿದರು. ಮಂಗಳೂರಿನ ಕನ್ನಡ 2017ರಲ್ಲಿ ರಾಜ್ ಬಿ. ಶೆಟ್ಟಿ ಬರೆದು, ನಿರ್ದೇಶಿಸಿ, ನಟಿಸಿದ 'ಒಂದು ಮೊಟ್ಟೆಯ ಕಥೆ'ಯಿಂದ ಬೆಂಗಳೂರಿನ ಚಿತ್ರಮಂದಿರಗಳಿಗೂ ಬಂತು. ಅದಕ್ಕೂ ಮುಂಚೆ ಸಿನಿಮಾದಲ್ಲಿ ಮಂಗಳೂರು ಕನ್ನಡ ಅಂದರೆ ಹೆಚ್ಚಾಗಿ ಅಡುಗೆ ಭಟ್ಟರ ಎರಡು ಸಾಲಿನ ತಮಾಷೆ ಅನ್ನುವ ಹಾಗಿತ್ತು, ಅಲ್ವಾ? 2025ರಲ್ಲಿ 'ಸು ಫ್ರಮ್ ಸೋ' ಬರೆದು, ನಿರ್ದೇಶಿಸಿ, ನಟಿಸಿದ ಜೆ.ಪಿ. ತುಮಿನಾಡು ತುಳು ರಂಗಭೂಮಿಯಿಂದ ಬಂದವರು. ಅವರು ತಮ್ಮ ಊರನ್ನು ತೊಳೆದು ಹಾಕಿ ಬರಲಿಲ್ಲ. ಊರನ್ನೇ ಹೊತ್ತು ತಂದರು.

ಇಲ್ಲಿ ಒಂದು ವ್ಯತ್ಯಾಸ ಹೇಳಲೇಬೇಕು. ತುಳುವಿನಲ್ಲಿ ನಗೆ ನಾಟಕ ಮಾಡಿ ಬದುಕಬಹುದು, ಅಲ್ಲಿಂದ ಸಿನಿಮಾಗೆ ಬರಬಹುದು. ಅದಕ್ಕೆ ಹಿಂದೆ ದೊಡ್ಡ ಪ್ರೇಕ್ಷಕರ ಬಳಗ ಇದೆ. 2011ರ ಜನಗಣತಿಯಲ್ಲಿ ತುಳು ತಾಯ್ನುಡಿ ಅಂದವರು 18 ಲಕ್ಷಕ್ಕೂ ಹೆಚ್ಚು. ಕೊಡವ ಅಂದವರು ಸುಮಾರು 1 ಲಕ್ಷದ 13 ಸಾವಿರ. ಇಡೀ ಕೊಡಗು ಜಿಲ್ಲೆಯ ಜನಸಂಖ್ಯೆಯೇ ಆಗ ಐದೂವರೆ ಲಕ್ಷ. ಹಾಗಾಗಿ ಕೊಡವ ತಕ್ಕ್‌ನಲ್ಲಿ ಮಾತ್ರ ಸ್ಟ್ಯಾಂಡಪ್ ಮಾಡಿ ಹೊಟ್ಟೆ ತುಂಬಿಸುವುದು ಕಷ್ಟ. ಆದರೆ ಆ ಭಾಷೆಯ ಒಳಗೆ ಕೂತು ಕನ್ನಡದಲ್ಲಿ ಬರೆಯುವುದು ಬೇರೆಯೇ ವಿಷಯ. ಹರದಾಸ ಅಪ್ಪಚ್ಚ ಕವಿ ನೂರು ವರ್ಷದ ಹಿಂದೆಯೇ ಕೊಡವ ತಕ್ಕ್‌ನಲ್ಲಿ ನಾಟಕ ಬರೆದು ಆಡಿಸಿದ ನೆಲ ಅದು. ಕೊಡಗಿನ ಗೌರಮ್ಮ ಅದೇ ಮಳೆಯ ಊರಲ್ಲಿ ಕೂತು ಕನ್ನಡದಲ್ಲಿ ಕಥೆ ಬರೆದರು, 1939ರಲ್ಲಿ ತೀರಿಕೊಂಡಾಗ ಅವರಿಗೆ 27 ವರ್ಷ. ನಿಮಗೆ ಹಿಂದೆ ಯಾರೂ ಇಲ್ಲ ಅಂದುಕೊಳ್ಳಬೇಡಿ.

ಸರಕಂತೂ ನಿಮ್ಮ ಹಾಜರಿ ಪುಸ್ತಕದಲ್ಲೇ ಇದೆ. ಊರವರು ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಹೇಳುತ್ತಾರೆ. ಫೋನ್ ಎತ್ತಿದರೆ ಯೋಗಕ್ಷೇಮಕ್ಕಿಂತ ಮೊದಲು 'ನಿಮ್ಮಲ್ಲಿ ಎಷ್ಟು ಸೆಂಟ್ ಬಿತ್ತು?' ಅಂತ ಕೇಳುತ್ತಾರೆ. ಕಾಫಿ ಹೂ ಅರಳಿಸುವ ಹೂಮಳೆ ಒಂದು ವಾರ ತಡವಾದರೆ ಮನೆ ಮನೆಯ ಮುಖ ಬದಲಾಗುತ್ತದೆ. ಹೊಸಬರನ್ನು ಕಂಡರೆ ಹೆಸರಿಗಿಂತ ಮುಂಚೆ ಮನೆ ಹೆಸರು ಬೇಕು. ಹೋಮ್‌ಸ್ಟೇಗೆ ಬಂದವರು ಜಿಗಣೆ ಕಂಡು ಕಿರುಚುತ್ತಾರೆ, ಅದೇ ದಾರಿಯಲ್ಲಿ ಹಣ್ಣಿನ ಚೀಲ ಹೊತ್ತ ಹೆಂಗಸರು ಸುಮ್ನೆ ನಡೆದು ಹೋಗುತ್ತಾರೆ. ಇದನ್ನು ಬೆಂಗಳೂರಿನ ಯಾವ ಬರಹಗಾರನೂ ಕುರ್ಚಿಯಲ್ಲಿ ಕೂತು ಹುಟ್ಟಿಸಲಾರ. ನಿಮ್ಮ ಉಚ್ಚಾರ ಬೇರೆಯವರಿಗೆ ಅರ್ಥವಾಗದಿದ್ದರೆ ಅದನ್ನು ಸ್ಪಷ್ಟ ಮಾಡಿಕೊಳ್ಳಿ. ನಿಧಾನ ಮಾಡಿ, ಸಾಲಿನ ಕೊನೆಯ ಪದ ನುಂಗಬೇಡಿ. ರಾಗ ಹಾಗೇ ಇರಲಿ.

ನಟನೆಯ ಬಗ್ಗೆ ಜಾಸ್ತಿ ಹೇಳಬೇಕು. ಯಾಕೆಂದರೆ ಸ್ಟ್ಯಾಂಡಪ್‌ನವರು ಎಡವುವುದು ಇಲ್ಲೇ. ಮೈಕ್ ಹಿಡಿದು ಇನ್ನೂರು ಜನರನ್ನು ನಗಿಸಿದವನಿಗೆ ಕ್ಯಾಮೆರಾ ಏನು ಮಹಾ ಅನ್ನಿಸುತ್ತದೆ. ನನ್ನ ಮೊದಲ ಧಾರಾವಾಹಿಗಳಲ್ಲಿ ಒಂದಕ್ಕೆ ವೇದಿಕೆಯ ಒಳ್ಳೆಯ ಹಾಸ್ಯ ಕಲಾವಿದರೊಬ್ಬರು ಬಂದಿದ್ದರು. ಅವರ ಪ್ರತಿ ಸಾಲಿನ ಕೊನೆಗೂ ಒಂದು ಸಣ್ಣ ನಿಲುಗಡೆ. ನಗು ಬರಲಿ ಅಂತ ಕಾಯುತ್ತಿದ್ದರು. ಸೆಟ್‌ನಲ್ಲಿ ಯಾರೂ ನಗುವುದಿಲ್ಲ, ನಗುವಂತಿಲ್ಲ, ಶಬ್ದ ರೆಕಾರ್ಡ್ ಆಗುತ್ತಿರುತ್ತದೆ. ಆ ಮೌನ ಅವರನ್ನು ಕಂಗೆಡಿಸಿತು. ನಗು ಬರಲಿಲ್ಲ ಅಂತ ಮುಂದಿನ ಸಾಲನ್ನು ಇನ್ನೂ ಜೋರಾಗಿ ಹೇಳಿದರು. ಅದರ ಮುಂದಿನದನ್ನು ಇನ್ನೂ ಜೋರಾಗಿ. ತೆರೆಯಲ್ಲಿ ನೋಡಿದಾಗ ಅವರೊಬ್ಬರೇ ಬೇರೆ ಯಾವುದೋ ಶೋನಲ್ಲಿ ಇದ್ದ ಹಾಗೆ ಕಂಡಿತು. ಅವರ ಪ್ರತಿಭೆಗೆ ಏನೂ ಕೊರತೆ ಇರಲಿಲ್ಲ. ಕಸುಬು ಬದಲಾಗಿದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಆಗ ನನಗೂ ಅದು ತಿಳಿದಿರಲಿಲ್ಲ.

ವೇದಿಕೆಯಲ್ಲಿ ಟೈಮಿಂಗ್ ನಿಮ್ಮ ಕೈಯಲ್ಲಿರುತ್ತದೆ. ಪ್ರೇಕ್ಷಕರ ಉಸಿರು ಕೇಳಿಸಿಕೊಂಡು ಸಾಲನ್ನು ಎಳೆಯುತ್ತೀರಿ, ಮುರಿಯುತ್ತೀರಿ. ತೆರೆಯಲ್ಲಿ ಟೈಮಿಂಗ್ ಸಂಕಲನಕಾರರ ಕೈಯಲ್ಲಿ. ವೇದಿಕೆಯಲ್ಲಿ ನೀವು ಒಬ್ಬರೇ, ಎದುರಿನವರನ್ನು ನೋಡಿ ಮಾತಾಡುತ್ತೀರಿ. ಕ್ಯಾಮೆರಾ ಮುಂದೆ ಎದುರು ಪಾತ್ರದ ಮಾತು ಕೇಳಬೇಕು. ನಿಜವಾಗಿ ಕೇಳಬೇಕು. ನಿಮ್ಮ ಸರದಿ ಬರಲಿ ಅಂತ ಕಾಯುತ್ತಿದ್ದರೆ ಅದು ಕಣ್ಣಿನಲ್ಲಿ ಗೊತ್ತಾಗುತ್ತದೆ. ಒಂದೇ ಸಾಲನ್ನು ಏಳೆಂಟು ಸಲ ಹೇಳಬೇಕು, ಪ್ರತಿ ಸಲವೂ ಅದೇ ಪದಕ್ಕೆ ಅದೇ ಕೈಯಲ್ಲಿ ಲೋಟ ಎತ್ತಬೇಕು. ಸ್ಟ್ಯಾಂಡಪ್‌ನಲ್ಲಿ ಒಳ್ಳೆಯದು ಅನ್ನಿಸಿಕೊಳ್ಳುವ ಆಶುತನ ಇಲ್ಲಿ ಎದುರು ನಟರಿಗೆ ತೊಂದರೆ ಕೊಡಬಹುದು. ಇಷ್ಟಾದರೂ ಸ್ಟ್ಯಾಂಡಪ್‌ನಿಂದ ಬಂದವರಿಗೆ ಒಂದು ಬಲ ಇದೆ. ಅವರು ಸೋಲನ್ನು ನೋಡಿದ್ದಾರೆ. ಯಾರೂ ನಗದ ಐದು ನಿಮಿಷವನ್ನು ದಾಟಿ ಬಂದವರಿಗೆ ಆಡಿಷನ್‌ನಲ್ಲಿ ತಿರಸ್ಕಾರವಾದರೆ ಕೈಕಾಲು ನಡುಗುವುದಿಲ್ಲ.

ಇದನ್ನು ಕಲಿಯಲು ನಾಟಕಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ, ಸುಮಾರು ಒಂದು ವರ್ಷ ಬೇಕು. ನಿಮಗೆ ಈಗ ಅದು ಆಗಲಿಕ್ಕಿಲ್ಲ. ಆದರೆ ಮೈಸೂರು ಹತ್ತಿರವೇ ಇದೆ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣ ಅಲ್ಲಿದೆ, ಸುತ್ತ ಹವ್ಯಾಸಿ ತಂಡಗಳಿವೆ. ಬೆಂಗಳೂರಿಗೆ ಹೋಗುವ ಎರಡು ಶನಿವಾರಗಳಲ್ಲಿ ಒಂದನ್ನು ಮೈಸೂರಿನ ಒಂದು ತಂಡಕ್ಕೆ ಕೊಟ್ಟು ನೋಡಿ. ಸಣ್ಣ ಪಾತ್ರ ಸಾಕು. ಇನ್ನೊಬ್ಬರ ಮಾತು ಕೇಳುತ್ತಾ ನಿಲ್ಲುವುದನ್ನು ಕಲಿತರೆ ಸಾಕು. ಮಡಿಕೇರಿ ಆಕಾಶವಾಣಿಯಲ್ಲಿ ನಾಟಕದ ಧ್ವನಿ ಪರೀಕ್ಷೆ ಯಾವಾಗ ಅಂತ ವಿಚಾರಿಸಿ. ಮುಖವಿಲ್ಲದೆ ಬರೀ ದನಿಯಲ್ಲಿ ಪಾತ್ರ ಕಟ್ಟುವುದು ಬರಹಗಾರನಿಗೂ ಒಳ್ಳೆಯ ಸಾಣೆ.

ಇನ್ನು ಆ ಮೂರು ವರ್ಷದ ಒಪ್ಪಂದ. ಟಿವಿ ಕಾಮಿಡಿ ಶೋಗಳ ಮೇಲೆ ನನಗೆ ಕೋಪವಿಲ್ಲ. 2016ರಲ್ಲಿ ಶುರುವಾದ 'ಕಾಮಿಡಿ ಕಿಲಾಡಿಗಳು' ಹಳ್ಳಿಗಳ ಎಷ್ಟೋ ಕಲಾವಿದರನ್ನು ಮನೆಮಾತು ಮಾಡಿತು, ಶಿವರಾಜ್ ಕೆ.ಆರ್. ಪೇಟೆ, ನಯನಾ ಅವರಂಥವರು ಅಲ್ಲಿಂದ ಸಿನಿಮಾಗೆ ಬಂದರು. ವಾರ ವಾರ ಹೊಸ ಸ್ಕಿಟ್ ಮಾಡುವ ಒತ್ತಡದಲ್ಲಿ ಬೇಗ ಕಲಿಯುತ್ತೀರಿ ಅನ್ನುವುದೂ ನಿಜ. ನನ್ನ ತಕರಾರು ನಿಮ್ಮ ಮುಂದಿರುವ ಈ ಕಾಗದದ ಬಗ್ಗೆ.

ಅದರಲ್ಲಿ ಏನಿಲ್ಲ ಅಂತ ಮೊದಲು ನೋಡಿ. ಮೂರು ವರ್ಷ ನೀವು ಬೇರೆಲ್ಲೂ ಕೆಲಸ ಮಾಡಬಾರದು ಅಂತ ಇದೆ. ಆ ಮೂರು ವರ್ಷದಲ್ಲಿ ಅವರು ನಿಮಗೆ ಕನಿಷ್ಠ ಇಷ್ಟು ಎಪಿಸೋಡ್ ಕೊಡುತ್ತೇವೆ, ಇಷ್ಟು ಹಣ ಕೊಡುತ್ತೇವೆ ಅಂತ ಇದೆಯಾ? ನೀವು ಬರೆದಿಲ್ಲ, ಹಾಗಾಗಿ ಇಲ್ಲ ಅಂದುಕೊಳ್ಳುತ್ತೇನೆ. ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾದರೆ ಶೋ ಎಂಟು ವಾರಕ್ಕೆ ನಿಂತರೂ ನೀವು ಮೂರು ವರ್ಷ ಕಟ್ಟಿಬಿದ್ದಿರುತ್ತೀರಿ. ತೋಟದ ಕೆಲಸವೂ ಇಲ್ಲ, ವೇದಿಕೆಯೂ ಇಲ್ಲ. ಮೂರು ವರ್ಷದಿಂದ ಬಸ್ಸಿನಲ್ಲಿ ನಿದ್ದೆಗೆಟ್ಟು ಕಟ್ಟಿದ್ದೂ ನಿಮ್ಮದಲ್ಲ.

ಕೊನೆಯದೇ ನನಗೆ ಜಾಸ್ತಿ ನೋವು ಕೊಡುವ ಷರತ್ತು. ನಿಮ್ಮ ಆನೆ ರಾತ್ರಿಯ ಆರು ನಿಮಿಷ ಬರೆದಿಟ್ಟ ಕೂಡಲೇ ಕೃತಿ. ಅದರ ಹಕ್ಕು ನಿಮ್ಮದು, ನೋಂದಣಿ ಮಾಡಿಸದಿದ್ದರೂ ನಿಮ್ಮದೇ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಬರಹಗಾರರಿಗೆ ಒಳ್ಳೆಯ ರಕ್ಷಣೆ ಇದೆ. ಹಕ್ಕು ಬರೆದುಕೊಟ್ಟ ಪತ್ರದಲ್ಲಿ ಎಷ್ಟು ಕಾಲ ಅಂತ ಹೇಳದಿದ್ದರೆ ಅದು ಐದು ವರ್ಷಕ್ಕೆ ಮಾತ್ರ. ಯಾವ ಪ್ರದೇಶ ಅಂತ ಹೇಳದಿದ್ದರೆ ಭಾರತಕ್ಕೆ ಮಾತ್ರ. ಅದಕ್ಕೇ ಈಗಿನ ಒಪ್ಪಂದಗಳಲ್ಲಿ 'ಶಾಶ್ವತವಾಗಿ, ಜಗತ್ತಿನಾದ್ಯಂತ' ಅನ್ನುವ ಪದಗಳು ತಪ್ಪದೆ ಇರುತ್ತವೆ. ಆ ಎರಡು ಪದ ಕಂಡಲ್ಲಿ ಪೆನ್ ಕೆಳಗಿಡಿ. ಬರೀ ಐಡಿಯಾಕ್ಕೆ ರಕ್ಷಣೆ ಇಲ್ಲ ಅನ್ನುವುದೂ ಗೊತ್ತಿರಲಿ. 'ತೋಟಕ್ಕೆ ಆನೆ ಬಂತು' ಅಂತ ಯಾರು ಬೇಕಾದರೂ ಬರೆಯಬಹುದು. ನೀವು ಅದನ್ನು ಹೇಳಿದ ರೀತಿ, ಆ ಸಾಲುಗಳು ನಿಮ್ಮವು. ಹಾಗಾಗಿ ಎಲ್ಲವನ್ನೂ ಬರೆದಿಡಿ, ತಾರೀಖು ಹಾಕಿ, ನಿಮಗೆ ನೀವೇ ಇಮೇಲ್ ಮಾಡಿಟ್ಟುಕೊಳ್ಳಿ. ಚಿತ್ರಕಥೆಯ ಮಟ್ಟಕ್ಕೆ ಬಂದಾಗ ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನ ಸದಸ್ಯರಾಗಿ ಆನ್‌ಲೈನ್‌ನಲ್ಲೇ ನೋಂದಾಯಿಸಬಹುದು.

ಆ ಸಂಸ್ಥೆಗೆ ನೀವು ಹೀಗೆ ಕೇಳಿ ನೋಡಬಹುದು. ಅವಧಿ ಒಂದು ವರ್ಷ, ಅಥವಾ ಶೋ ಪ್ರಸಾರ ಇರುವ ತನಕ, ಯಾವುದು ಮೊದಲೋ ಅದು. ನಿರ್ಬಂಧ ಬೇರೆ ಚಾನೆಲ್‌ಗಳ ಕಾಮಿಡಿ ಶೋಗಳಿಗೆ ಮಾತ್ರ, ವೇದಿಕೆ ನನ್ನದೇ. ಹಳೆಯ ಸರಕಿನ ಪಟ್ಟಿ ಒಪ್ಪಂದದ ಹಿಂದೆ ಲಗತ್ತಿಸಬೇಕು, ಅದು ನನ್ನದು. ಕನಿಷ್ಠ ಎಪಿಸೋಡ್‌ಗಳ ಭರವಸೆ. ಹಣ ಎಷ್ಟು ದಿನದೊಳಗೆ ಅನ್ನುವ ತಾರೀಖು. ಒಬ್ಬ ವಕೀಲರಿಗೆ ಕಾಗದ ತೋರಿಸದೆ ಸಹಿ ಹಾಕಬೇಡಿ. ಒಪ್ಪಂದ ಮುಗಿದ ಮೇಲೂ ಬೇರೆ ಕಡೆ ಕೆಲಸ ಮಾಡಬಾರದು ಅಂತ ಬರೆದಿದ್ದರೆ ಅದು ನಮ್ಮ ಕಾನೂನಿನಲ್ಲಿ ನಿಲ್ಲುವುದು ಕಷ್ಟ. ಆದರೆ ಒಪ್ಪಂದ ಜಾರಿಯಲ್ಲಿರುವಾಗಿನ ನಿರ್ಬಂಧ ನಿಲ್ಲುತ್ತದೆ, ನೆನಪಿರಲಿ. ಅವರು ಇದಕ್ಕೆಲ್ಲ ಒಪ್ಪಿದರೆ ಒಳ್ಳೆಯ ಅವಕಾಶವೇ. 'ಎಲ್ಲರೂ ಸಹಿ ಹಾಕಿದ್ದಾರೆ, ನಿಮ್ಮದೊಂದೇ ತಕರಾರು' ಅಂದರೆ ನಮಸ್ಕಾರ ಹೇಳಿ ಬನ್ನಿ.

ನಿರ್ದೇಶಕರ ಕರೆಯಲ್ಲಿ ಅಪಾಯವೇ ಇಲ್ಲ ಅಂತ ಹೇಳಲಾರೆ. ಸಿನಿಮಾ ಶುರುವಾಗುವ ಮುಂಚೆಯೇ ನಿಲ್ಲಬಹುದು, ಅದು ತೀರಾ ಸಾಮಾನ್ಯ. ಆ ಸಣ್ಣ ಪಾತ್ರ ಸಂಕಲನದಲ್ಲಿ ಹೋಗಬಹುದು, ಅದನ್ನು ಈಗಲೇ ಮನಸ್ಸಿನಿಂದ ತೆಗೆದುಬಿಡಿ. ನೀವು ಬರೆದ ಸಾಲಿಗೆ ಚಿತ್ರಮಂದಿರ ನಗುವಾಗ ತೆರೆಯ ಮೇಲೆ ನಿಮ್ಮ ಹೆಸರೇ ಇಲ್ಲದಿರಬಹುದು. ನನಗೆ ಹಾಗೆ ಆಗಿದೆ. ಹೊಸದರಲ್ಲಿ ಒಂದು ಸಿನಿಮಾಗೆ ನಾಲ್ಕು ತಿಂಗಳು ಕೂತು ಬರೆದೆ. ಎಲ್ಲ ಬಾಯಿಮಾತಿನಲ್ಲಿ. ಕೊನೆಯ ಕಂತಿನ ಹಣ ಬರಲಿಲ್ಲ, ಹೆಸರೂ ಬರಲಿಲ್ಲ. ಕೇಳಲು ಹೋದರೆ ತೋರಿಸಲು ಒಂದು ಚೀಟಿಯೂ ನನ್ನ ಹತ್ತಿರ ಇರಲಿಲ್ಲ. ಅವತ್ತಿನಿಂದ ಒಂದು ಸಾಲಿನ ಇಮೇಲ್ ಆದರೂ ಇಲ್ಲದೆ ಒಂದು ಪುಟವನ್ನೂ ಬರೆದಿಲ್ಲ.

ಇಷ್ಟಾದರೂ ಎರಡರಲ್ಲಿ ಒಂದು ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಆರು ತಿಂಗಳಲ್ಲಿ ನೀವು ಕಲಿಯುವುದು ವೇದಿಕೆಯಲ್ಲಿ ಎಷ್ಟು ವರ್ಷ ನಿಂತರೂ ಸಿಗದ ವಿದ್ಯೆ. ಸ್ಟ್ಯಾಂಡಪ್‌ನಲ್ಲಿ ಎಲ್ಲ ಸಾಲೂ ನಿಮ್ಮ ಬಾಯಿಗೆ ಬರೆದದ್ದು. ಇಲ್ಲಿ ಒಬ್ಬ ಅಜ್ಜಿಗೆ, ಒಬ್ಬ ಪೊಲೀಸ್‌ಗೆ, ನಿಮಗೆ ಇಷ್ಟವೇ ಇಲ್ಲದ ಒಬ್ಬ ಮನುಷ್ಯನಿಗೆ ಬರೆಯಬೇಕು. ಒಂದು ಒಳ್ಳೆಯ ನಗೆ ಸಾಲು ದೃಶ್ಯವನ್ನು ನಿಲ್ಲಿಸುತ್ತಿದ್ದರೆ ಅದನ್ನು ನಿಮ್ಮ ಕೈಯಾರೆ ಹೊಡೆದುಹಾಕಬೇಕು. ಸ್ಟ್ಯಾಂಡಪ್‌ನಿಂದ ಬಂದವರಿಗೆ ಇದು ತುಂಬಾ ಕಷ್ಟ. ಹದಿನೈದು ಸೆಕೆಂಡಿಗೊಮ್ಮೆ ನಗು ಬೇಕು ಅನ್ನುವ ಚಟ ಬಿಡಬೇಕು. ಆರು ತಿಂಗಳು ಅದೊಂದನ್ನು ಕಲಿತು ಬಂದರೂ ನೀವು ಗೆದ್ದ ಹಾಗೆ. ಆಗ ನಿಮಗೆ ನೀವೇ ಪಾತ್ರ ಬರೆದುಕೊಳ್ಳಬಹುದು. ಮೇಲೆ ಹೇಳಿದವರೆಲ್ಲ ಬಂದದ್ದು ಆ ಬಾಗಿಲಿನಿಂದಲೇ.

ಮೂರನೆಯ ದಾರಿಯೂ ಇದೆ. ಎರಡನ್ನೂ ಬಿಟ್ಟು ಊರಲ್ಲೇ ಇದ್ದು ವೇದಿಕೆ ಹೆಚ್ಚು ಮಾಡಿಕೊಳ್ಳುವುದು. ಮಡಿಕೇರಿ ದಸರಾ, ಗೋಣಿಕೊಪ್ಪ ದಸರಾ, ಸಂಘಗಳ ವಾರ್ಷಿಕೋತ್ಸವ, ರೆಸಾರ್ಟ್‌ಗಳಿಗೆ ಬರುವ ಕಂಪನಿ ತಂಡಗಳ ಕಾರ್ಯಕ್ರಮ. ಸ್ಟ್ಯಾಂಡಪ್‌ನವರಿಗೆ ನಿಜವಾದ ದುಡ್ಡು ಬರುವುದು ಟಿಕೆಟ್‌ಗಿಂತ ಹೆಚ್ಚಾಗಿ ಇಂಥ ಖಾಸಗಿ ಶೋಗಳಿಂದ. ಬೆಂಗಳೂರಿನವರು ಅದಕ್ಕಾಗಿ ನಿಮ್ಮ ಜಿಲ್ಲೆಗೆ ಬರುತ್ತಾರೆ, ನೀವು ಅಲ್ಲೇ ಇದ್ದೀರಿ. ಇದರ ಅಪಾಯ ಅಂದರೆ ಊಟದ ತಟ್ಟೆ ಹಿಡಿದವರನ್ನು ನಗಿಸುವ ಸುಲಭದ ಸರಕು ಕೈಗೆ ಅಂಟಿಕೊಳ್ಳುತ್ತದೆ. ದುಡಿಮೆಗೆ ಮಾಡಿ, ಆದರೆ ಓಪನ್ ಮೈಕ್ ಬಿಡಬೇಡಿ.

ಚಿಕ್ಕ ಊರಿನ ಬಗ್ಗೆ ಒಂದು ಎಚ್ಚರಿಕೆ. ಕೊಡಗಿನಲ್ಲಿ ಯಾರ ಬಗ್ಗೆ ಹೇಳಿದರೂ ಸಂಜೆಯೊಳಗೆ ಆ ಮನೆಗೆ ಸುದ್ದಿ ಮುಟ್ಟುತ್ತದೆ. ದೊಡ್ಡ ಊರಿನಲ್ಲೂ ಪರಿಸ್ಥಿತಿ ಸುಲಭವಿಲ್ಲ. 2021ರ ಜನವರಿಯಲ್ಲಿ ಸ್ಟ್ಯಾಂಡಪ್ ಕಲಾವಿದ ಮುನಾವರ್ ಫಾರೂಕಿ ಇಂದೋರ್‌ನಲ್ಲಿ ಬಂಧನವಾಗಿ ಒಂದು ತಿಂಗಳಿಗೂ ಹೆಚ್ಚು ಜೈಲಿನಲ್ಲಿದ್ದರು, ಸುಪ್ರೀಂ ಕೋರ್ಟ್ ಮಧ್ಯಂತರ ಜಾಮೀನು ಕೊಟ್ಟ ಮೇಲೆ ಹೊರಬಂದರು. ಅದೇ ವರ್ಷದ ನವೆಂಬರ್‌ನಲ್ಲಿ ಬೆಂಗಳೂರಿನ ಅವರ ಶೋ ರದ್ದಾಯಿತು. ಹೆದರಿ ಬರೆಯಬೇಡಿ ಅಂತಲೇ ಹೇಳುತ್ತೇನೆ. ಆದರೆ ನಿಮ್ಮ ವಿಷಯದಲ್ಲಿ ನನಗೆ ಇನ್ನೊಂದು ಕಾಳಜಿ ಇದೆ. ಆನೆ ಬಂದ ರಾತ್ರಿ ಲೈನ್ ಮನೆಗಳಲ್ಲಿ ಇದ್ದವರು ನಿಮ್ಮ ಹಾಜರಿ ಪುಸ್ತಕದಲ್ಲಿರುವ ಕೂಲಿಗಳು, ಬಾಗಿಲು ಗಟ್ಟಿ ಇಲ್ಲದವರು. ಅವರ ಭಯ ನಗೆಯಾಗುವಾಗ ಅವರ ಪಕ್ಕದಲ್ಲಿ ನಿಂತು ನಗುತ್ತಿದ್ದೀರಾ ಅಂತ ಪ್ರತಿ ಸಾಲಿಗೂ ಕೇಳಿಕೊಳ್ಳಿ. ನಿಮ್ಮ ವಿಡಿಯೋವನ್ನು ಅವರಿಗೇ ತೋರಿಸಿ ನೋಡಿ. ಅವರು ನಕ್ಕರೆ ಧೈರ್ಯವಾಗಿ ಎಲ್ಲಿ ಬೇಕಾದರೂ ಮಾಡಿ.

ಕೊನೆಗೆ ಅಪ್ಪ. ಅವರ ಮಾತಿನಲ್ಲಿ ತಪ್ಪಿಲ್ಲ, ಅವರು ಕಾಫಿ ಬೆಲೆ ಏರಿದ್ದನ್ನೂ ಕುಸಿದದ್ದನ್ನೂ ನೋಡಿದವರು. ಅವರ ಹತ್ತಿರ ಕನಸಿನ ಭಾಷೆಯಲ್ಲಿ ಮಾತಾಡಬೇಡಿ, ಲೆಕ್ಕದ ಭಾಷೆಯಲ್ಲಿ ಮಾತಾಡಿ. ನಿರ್ದೇಶಕರು ಕೇಳಿರುವುದು ಜೂನ್‌ನಿಂದ ನವೆಂಬರ್ ಕೊನೆಯ ತನಕ. ನಿಮ್ಮ ಕಡೆ ಹೆಚ್ಚಾಗಿ ರೊಬಸ್ಟಾ ಕಾಫಿ, ಕೊಯ್ಲು ಜೋರಾಗುವುದು ಜನವರಿಯಿಂದ. ಮಳೆಗಾಲ ಪೂರ್ತಿ ನೀವು ಇಲ್ಲದಿದ್ದರೂ ತೂಕದ ಹೊತ್ತಿಗೆ ವಾಪಸ್ ಇರುತ್ತೀರಿ. ಮ್ಯಾನೇಜರ್ ಹತ್ತಿರ ರಾಜೀನಾಮೆ ಮಾತು ಎತ್ತದೆ ಆರು ತಿಂಗಳ ಸಂಬಳವಿಲ್ಲದ ರಜೆ ಕೇಳಿ. ಬದಲಿಗೆ ಹಾಜರಿ ಬರೆಯಬಲ್ಲ ಒಬ್ಬರನ್ನು ನೀವೇ ಹುಡುಕಿ ಕೊಡಿ. ಮೂರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿ ಇಡಿ, ಯಾಕೆಂದರೆ ಸಿನಿಮಾದ ಹಣ ಹೇಳಿದ ದಿನ ಬರುವುದು ಅಪರೂಪ, ಬರುವಾಗಲೂ ಸಾಮಾನ್ಯವಾಗಿ 10% ಟಿಡಿಎಸ್ (ಕೊಡುವವರೇ ಮೊದಲು ಹಿಡಿಯುವ ತೆರಿಗೆ) ಕಳೆದು ಬರುತ್ತದೆ. ರಜೆ ಸಿಗಲಿಲ್ಲ ಅಂದರೆ ನನಗೆ ಮತ್ತೆ ಬರೆಯಿರಿ, ಆಗ ಲೆಕ್ಕ ಬೇರೆ.

ನಿರ್ದೇಶಕರಿಗೆ ಒಪ್ಪಿಗೆ ಹೇಳುವ ಮೊದಲು ಒಂದು ಇಮೇಲ್ ಕಳಿಸಿ, ಮೂರೇ ಪ್ರಶ್ನೆ: ತೆರೆಯ ಮೇಲೆ ನನ್ನ ಹೆಸರು ಯಾವ ಹುದ್ದೆಯ ಕೆಳಗೆ ಬರುತ್ತದೆ, ಹಣ ತಿಂಗಳ ಯಾವ ತಾರೀಖಿಗೆ, ಸಿನಿಮಾ ನಿಂತರೆ ಕೆಲಸ ಮಾಡಿದಷ್ಟು ತಿಂಗಳಿನ ಹಣ ಸಿಗುತ್ತದೆಯೇ. ಅದರ ಉತ್ತರ ಬಂದ ಮೇಲೆ ಬಸ್ ಟಿಕೆಟ್ ಮಾಡಿಸಿ.